ಬೀಗಿತ್ತಿಯವರ ಎರಡು ಬಾಗಿಲಿನ ಕಂಪ್ಯೂಟರು

ಹೊನ್ನಾಳಿಯಲ್ಲಿರುವ ನಮ್ಮ ಬೀಗಿತ್ತಿಯವರಿಗೆ, ಅಂದರೆ ನನ್ನ ಸೊಸೆಯ ತಾಯಿಗೆ, ತಲೆ ಕೆಟ್ಟಿದೆ ಎಂದು ಆ ಊರಿನ ಅರ್ಧ ಜನ ಹೇಳುತ್ತಾರೆಂದು ನನ್ನ ಕಿವಿಗೆ ಬಿತ್ತು. ಯಾರೋ ಹೇಳಿದ್ದನ್ನು ಹಾಗೆಯೇ ನಂಬುವ ಜಾಯಮಾನ ನನ್ನದಲ್ಲ. ಚನ್ನಗಿರಿಯಿಂದ ಬಸ್ಸು ಹತ್ತಿ, ಖುದ್ದಾಗಿ ಅವರ ಮನೆಗೆ ಹೋಗಿ, ಉಂಡು, ಮಲಗಿ, ಎದ್ದು, ನಾಲ್ಕು ಕಡೆ ವಿಚಾರಿಸಿ ಬಂದೆ. ಅರ್ಧ ಜನ ಹೇಳುತ್ತಾರೆ ಎಂಬುದು ಶುದ್ಧ ಸುಳ್ಳು. ಇಡೀ ಊರೇ ಹೇಳುತ್ತದೆ!

ಇನ್ನು ಅವರಿಗೆ ನಿಜವಾಗಿಯೂ ತಲೆ ಕೆಟ್ಟಿದೆಯೇ ಎಂಬುದು ಬೇರೆಯೇ ಪ್ರಶ್ನೆ. ಅದನ್ನು ತೀರ್ಮಾನಿಸಲು ನನಗೇನು ಯೋಗ್ಯತೆ ಎಂದು ಓದುಗರು ಕೇಳಬಹುದು. ನಾನು ಶಾಲೆ ಬಿಟ್ಟದ್ದು ಏಳನೆಯ ತರಗತಿಯಲ್ಲಿ. ಓದು ಬಿಟ್ಟದ್ದು ಇನ್ನೂ ಇಲ್ಲ. ನಮ್ಮದು ಹಿಟ್ಟಿನ ಗಿರಣಿ. ಜನ ರಾಗಿಯ ಚೀಲ ಇಟ್ಟು ಹೋದ ಮೇಲೆ ಆ ಸದ್ದಿನಲ್ಲಿಯೇ ಕುಳಿತು, ಕೈಗೆ ಸಿಕ್ಕಿದ್ದನ್ನೆಲ್ಲ ಓದಿ, ಓದಿದ್ದನ್ನೆಲ್ಲ ಸಂಶಯಪಟ್ಟು ಬೆಳೆದವನು ನಾನು. ಒಮ್ಮೆ ಉಬ್ರಾಣಿಯ ಹೊಲವೊಂದರಲ್ಲಿ ಕಲ್ಲೊಂದನ್ನು ತೋರಿಸಿ, ಇದು ಯುದ್ಧದಲ್ಲಿ ಮಡಿದ ವೀರನ ಕಲ್ಲು ಎಂದು ನಾಲ್ಕು ಮಂದಿ ಕೈಮುಗಿದರು. ಮಣ್ಣು ಕೆರೆದು ನೋಡಿದೆ. ಬೀಸುಕಲ್ಲಿನ ಕೆಳಭಾಗ! ಗಿರಣಿಯವನಿಗೆ ಬೀಸುಕಲ್ಲಿನ ಗುರುತು ಹತ್ತುವುದಿಲ್ಲವೇ? ಅಂದಿನಿಂದ ಆ ಕಡೆಯವರು ನಮ್ಮ ಗಿರಣಿಗೆ ರಾಗಿ ತರುವುದನ್ನೇ ನಿಲ್ಲಿಸಿದ್ದಾರೆ. ಸತ್ಯಕ್ಕೆ ಇಷ್ಟು ನಷ್ಟವನ್ನಾದರೂ ಕಟ್ಟಬೇಡವೇ?

ಬೀಗಿತ್ತಿಯವರ ಮೇಲಿನ ಆರೋಪ ಇಷ್ಟು. ಕಂಪ್ಯೂಟರಿನೊಳಗೆ ಯಜಮಾನಿಕೆ ನಡೆಸುವುದೊಂದು ಇರುತ್ತದೆ. ಅದಕ್ಕೆ ಆಪರೇಟಿಂಗ್ ಸಿಸ್ಟಮ್ ಎನ್ನುತ್ತಾರೆ. ಗುಂಡಿ ಒತ್ತಿದೊಡನೆ ಎದ್ದು ಬಂದು, ಬಾಗಿಲು ತೆರೆದು, ಏನಾಗಬೇಕೆಂದು ಕೇಳುವುದು ಅದೇ. ಒಂದು ಯಂತ್ರಕ್ಕೆ ಒಬ್ಬ ಯಜಮಾನ ಎಂಬುದು ಲೋಕದ ರೂಢಿ. ಹಳಬ ಮುಪ್ಪಾದರೆ ಅವನನ್ನು ಒರೆಸಿ ಹಾಕಿ ಹೊಸಬನನ್ನು ಕೂರಿಸುತ್ತಾರೆ. ನಮ್ಮ ಬೀಗಿತ್ತಿಯವರೋ, ಹಳಬನನ್ನು ಕದಲಿಸದೆ ಅದೇ ಡಿಸ್ಕಿನಲ್ಲಿ ಪಕ್ಕದ ಜಾಗ ಮಾಡಿ ಇನ್ನೊಬ್ಬನನ್ನು ಕೂರಿಸಲು ಹೊರಟರು. ಅದೂ ಸ್ವಂತ ಕೈಯಿಂದ! ಅರವತ್ತು ದಾಟಿದ, ಮಂಡಕ್ಕಿ ಒಗ್ಗರಣೆಗೆ ಸುತ್ತಲ ಬೀದಿಗಳಲ್ಲೆಲ್ಲ ಹೆಸರಾದ ಹೆಂಗಸು! ಊರು ಸುಮ್ಮನಿರುತ್ತದೆಯೇ?

ಇದಕ್ಕೆಲ್ಲ ಕಾರಣ ಅವರ ಯಜಮಾನರು, ನಮ್ಮ ಬೀಗರು. ಕಚೇರಿಗಳಿಗೆ ಕೊಡುವ ಅರ್ಜಿಗಳನ್ನು ಜನರಿಗೆ ಟೈಪು ಮಾಡಿಕೊಡುವುದು ಅವರ ಜೀವಮಾನದ ಉದ್ಯೋಗ. ಮೊದಲು ಮರದ ಕೆಳಗೆ ಟೈಪ್‌ರೈಟರು. ಆಮೇಲೆ ಮನೆಯ ಮುಂದಿನ ಕೋಣೆಯಲ್ಲಿ ಕಂಪ್ಯೂಟರು. ಟೈಪ್‌ರೈಟರಿನಲ್ಲಿ ಯಾವ ಅಕ್ಷರ ಎಲ್ಲಿತ್ತೋ ಅಲ್ಲಿಯೇ ಇರಿಸಿದ್ದ ಹಳೆಯ ಕನ್ನಡ ತಂತ್ರಾಂಶವೊಂದು ಅದರಲ್ಲಿತ್ತು. ಅದು ನಡೆಯುವುದು ಹಳಬನ ಆಳ್ವಿಕೆಯಲ್ಲಿ ಮಾತ್ರ. ಬೀಗರ ಬೆರಳುಗಳಿಗೆ ಗೊತ್ತಿದ್ದುದೂ ಅದೊಂದೇ. ಹೀಗಿರುವಾಗ ಕಣ್ಣಿನ ನರ ಬತ್ತುವ ಕಾಯಿಲೆ ಬಂದು ದೃಷ್ಟಿ ಮಂಜಾಗುತ್ತ ಹೋಗಿ, ಕಡೆಗೆ ಬೆಳಕು ಯಾವ ಕಡೆಗಿದೆ ಎಂಬುದಷ್ಟೇ ತಿಳಿಯುವಂತಾಯಿತು. ಆದರೂ ಟೈಪು ಮಾಡುತ್ತಿದ್ದರು. ಬೆರಳಿಗೆ ಕಣ್ಣೇಕೆ?

ಬೇಕಿತ್ತೆಂದು ಒಂದು ದಿನ ತಿಳಿಯಿತು. ಕೀಲಿಮಣೆಯ ಮೇಲೆ ಬೆರಳಿಗೆ ಜಾಗ ತೋರಿಸುವ ಸಣ್ಣ ಉಬ್ಬುಗಳಿರುತ್ತವೆ. ಅವು ಸವೆದು ಹೋಗಿದ್ದವು. ಬೀಗರ ಕೈ ಒಂದು ಮನೆ ಆಚೆಗೆ ಕುಳಿತುಬಿಟ್ಟಿತು. ಪುಟದುದ್ದಕ್ಕೂ ಒಂದೇ ಒಂದು ಪದ ಪದವಾಗಿರಲಿಲ್ಲ. ಓದು ಬಾರದ ಅರ್ಜಿದಾರ ಅದನ್ನು ಹಾಗೆಯೇ ಒಯ್ದು ಕೊಟ್ಟ. ಅಲ್ಲಿದ್ದವರು ಒಬ್ಬರಿಗೊಬ್ಬರು ತೋರಿಸಿಕೊಂಡು ನಕ್ಕರು. ಆತ ಹಿಂದಿರುಗಿ ಬಂದು ಕಾಗದವನ್ನು ಮೇಜಿನ ಮೇಲಿಟ್ಟು ಹೋದ. ಬೀಗರು ಕೀಲಿಮಣೆಯ ಮೇಲೆ ಟವಲು ಹೊದಿಸಿದರು.

"ಓದಿ ನೋಡಾಕೆ ಆಗದೋನು ಬರೀಬಾರದು. ಮುಗೀತು."

ಬೀಗಿತ್ತಿಯವರು ಮೊದಲು ಮಾಡಿದ ಕೆಲಸ, ಸವೆದ ಉಬ್ಬುಗಳ ಜಾಗದಲ್ಲಿ ಒಂದೊಂದು ರಾಗಿಕಾಳನ್ನು ಅಂಟಿಸಿದ್ದು. ಎರಡನೆಯ ಕೆಲಸ, "ನಾನು ಓದಿ ಹೇಳ್ತೀನಿ, ನೀವು ಬರೀರಿ" ಎಂದದ್ದು. ಅದಕ್ಕೆ ಬೀಗರು ತಲೆಯಲ್ಲಾಡಿಸಿದರು.

"ನೀನು ಓದೋದು ಬ್ಯಾಡ. ತಪ್ಪಿದ್ರೂ ಸರಿ ಮಾಡ್ಕೊಂಡು ಓದ್ತೀಯ."

ಈ ಮಾತನ್ನು ನಾನು ನಂಬಲಿಲ್ಲ. ಪರೀಕ್ಷಿಸಿದೆ. ಬೇಕೆಂದೇ ತಪ್ಪುಗಳನ್ನು ತುಂಬಿದ ಒಂದು ಪುಟವನ್ನು, ಇದು ಬೀಗರು ಟೈಪು ಮಾಡಿದ್ದು ಎಂದು ಹೇಳಿ ಅವರ ಕೈಗೆ ಕೊಟ್ಟೆ. ಆ ತಾಯಿ ಎಲ್ಲಿಯೂ ಎಡವದೆ ಹೊಳೆ ಹರಿದ ಹಾಗೆ ಓದಿ ಮುಗಿಸಿ, "ಒಂದು ತಪ್ಪೂ ಇಲ್ಲ ನೋಡ್ರಿ ಬೀಗ್ರೆ" ಎಂದರು! ಸುಳ್ಳು ಹೇಳಿದರೆಂದು ನಾನು ಹೇಳಲಾರೆ. ಅವರ ಕಣ್ಣಿಗೆ ಗಂಡನ ತಪ್ಪು ಕಾಣುತ್ತಿರಲಿಲ್ಲ, ಅಷ್ಟೆ. ಈ ಕಾಯಿಲೆಗೆ ಯಾವ ಕಣ್ಣಿನ ವೈದ್ಯರಲ್ಲಿ ಔಷಧವಿದೆ?

ಒಟ್ಟಿನಲ್ಲಿ ಬೇಕಾಗಿದ್ದುದು ದಯಾದಾಕ್ಷಿಣ್ಯಗಳಿಲ್ಲದೆ ಇದ್ದದ್ದನ್ನು ಇದ್ದ ಹಾಗೆ ಓದುವ ಒಂದು ದನಿ. ಕಾಸು ಕೊಡದೆ ಸಿಗುವ ಹೊಸ ಆಪರೇಟಿಂಗ್ ಸಿಸ್ಟಮ್ಮುಗಳಲ್ಲಿ ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳುವ ಏರ್ಪಾಡು ಇದೆಯೆಂದು ಬೀಗಿತ್ತಿಯವರು ಪತ್ತೆ ಹಚ್ಚಿದರು. ಹಳಬನಿಗೆ ಆ ದನಿಯನ್ನು ಹೊರಿಸಲು ನೋಡಿದರೆ ಅವನು ಏದುಸಿರು ಬಿಟ್ಟು ಕುಸಿಯುತ್ತಿದ್ದ. ಬರೆಯಲು ಹಳಬನೇ ಬೇಕು, ಓದಲು ಹೊಸಬನೇ ಬೇಕು. ಒಬ್ಬನನ್ನು ಕಳೆದುಕೊಂಡರೂ ಬೀಗರ ಕೈ ಮತ್ತೆ ಟವಲಿನ ಕೆಳಗಿನ ಕೀಲಿಮಣೆಗೆ ಬರುವಂತಿರಲಿಲ್ಲ.

"ಹಾಗಾದರೆ ಎರಡು ಕಂಪ್ಯೂಟರ್ ಇಟ್ಟುಕೊಳ್ಳಬಾರದೇ?" ಎಂದು ನಾನು ನನ್ನ ಬುದ್ಧಿವಂತಿಕೆಯನ್ನು ಮೆರೆದೆ.

"ಕಣ್ಣು ಕಾಣೋ ಬೀಗ್ರೆ," ಎಂದರು ಅವರು, "ಅವ್ರ ಕೈಗೆ ಆ ಮೇಜು ಗೊತ್ತೈತೆ, ಆ ಕುರ್ಚಿ ಗೊತ್ತೈತೆ, ಆ ರಾಗಿಕಾಳು ಗೊತ್ತೈತೆ. ಇನ್ನೊಂದು ತಂದಿಟ್ಟು ಇಲ್ಲಿಂದೆದ್ದು ಅಲ್ಲಿ ಕೂರ್ರಿ ಅನ್ನಾಕೆ ಅವ್ರೇನು ಶಾಲೆ ಹುಡುಗ್ರಾ?"

ನಾನು ನನ್ನ ಸಲಹೆಯನ್ನು ಹಿಂತೆಗೆದುಕೊಂಡೆ. ಬೀಗಿತ್ತಿಯ ಎದುರು ಮಾತು ಸೋತದ್ದನ್ನು ಸೋಲೆಂದು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂಬ ಧೈರ್ಯ.

ವಿದ್ಯೆಯನ್ನು ಅವರು ಸಂಪಾದಿಸಿದ ರೀತಿ ನೋಡಬೇಕು! ರಿಪೇರಿಯವರು ಒಬ್ಬರಾದ ಮೇಲೊಬ್ಬರು "ಹಳೇದು ಬಿಸಾಕ್ರಿ ಅಮ್ಮಾ" ಎಂದದ್ದರಿಂದ, ಅವರನ್ನೆಲ್ಲ ಕೈಬಿಟ್ಟು ಫೋನಿನಲ್ಲಿ ವಿಡಿಯೋ ನೋಡತೊಡಗಿದರು. ಹಿಂದಿಯವು, ಇಂಗ್ಲಿಷಿನವು, ಇನ್ನೂ ಯಾವುದೋ ಭಾಷೆಯವು. ಅವರಿಗೆ ಬರುವುದು ಕನ್ನಡ, ಸ್ವಲ್ಪ ಉರ್ದು. ಹೇಗೆ ತಿಳಿಯುತ್ತಿತ್ತು? ದನಿಯನ್ನು ಪೂರ್ತಿ ಮುಚ್ಚಿ, ಪರದೆಯ ಮೇಲೆ ಬಾಣದ ಗುರುತು ಎಲ್ಲೆಲ್ಲಿ ಹೋಗಿ ಏನನ್ನು ಒತ್ತುತ್ತದೆ ಎಂಬುದನ್ನು ಮಾತ್ರ ನೋಡುತ್ತಿದ್ದರು.

"ಬಾಯಿ ಒಂದು ಹೇಳ್ತೈತೆ, ಕೈ ಇನ್ನೊಂದು ಮಾಡ್ತೈತೆ ಬೀಗ್ರೆ. ಹೋಳಿಗೆ ಮಾಡೋದನ್ನ ನಮ್ಮತ್ತೆ ನಂಗೆ ಹೇಳ್ಕೊಟ್ಟಿದ್ದೆಲ್ಲ ಸುಳ್ಳು. ಅವ್ರ ಕೈ ನೋಡಿ ಕಲ್ತೆ."

ಕೇಳಿದ್ದನ್ನು ನಂಬದಿರುವುದರಲ್ಲಿ ನನ್ನನ್ನು ಮೀರಿಸಿದವರು ಇನ್ನೊಬ್ಬರಿಲ್ಲ ಎಂದು ನಾನು ಅಲ್ಲಿಯವರೆಗೆ ಭಾವಿಸಿದ್ದೆ. ಆ ಹೆಮ್ಮೆಯನ್ನು ಅಂದೇ ಬಿಟ್ಟುಕೊಟ್ಟೆ.

ಕೆಲಸಕ್ಕೆ ಕೈಹಾಕುವ ಮೊದಲು ಹಳಬನ ಸಾಮಾನೆಲ್ಲವನ್ನೂ ನಕಲು ಮಾಡಿ ಬೇರೆಡೆ ಇಡಬೇಕು ಎಂಬುದನ್ನೂ ಅವರು ಹಾಗೆಯೇ ಕಲಿತಿದ್ದರು. ತಂತ್ರಾಂಶ, ಬೀಗರು ಇಷ್ಟು ವರ್ಷ ಟೈಪು ಮಾಡಿದ ಅರ್ಜಿಗಳ ನಮೂನೆಗಳು, ಎಲ್ಲವೂ ಮೂರು ಪೆನ್‌ಡ್ರೈವುಗಳಿಗೆ ಏರಿದವು. ಒಂದೇ ಮನೆಯಲ್ಲಿ ಇಟ್ಟರೆ ನಕಲಿಗೇನು ಅರ್ಥ? ಬಿತ್ತನೆಯ ಬೀಜವನ್ನು ನೆಂಟರ ಮನೆಗಳಲ್ಲಿ ಹಂಚಿ ಇಡುತ್ತಿದ್ದ ಮನೆತನದಿಂದ ಬಂದವರು ಅವರು. ಒಂದು ಜಗಳೂರಿನ ತಂಗಿಗೆ, ಒಂದು ನ್ಯಾಮತಿಯಲ್ಲಿ ಬಳೆ ಅಂಗಡಿ ಇಟ್ಟಿರುವ ಮುಸಲ್ಮಾನ ಗೆಳತಿಗೆ, ಇನ್ನೊಂದು ಚನ್ನಗಿರಿಯ ನಮ್ಮ ಮನೆಗೆ ಎಂದು ನಿಶ್ಚಯವಾಯಿತು. ನನ್ನ ಹೆಂಡತಿ ಆ ಸಮಯದಲ್ಲಿ ಹೊನ್ನಾಳಿಗೆ ಹೋಗಿದ್ದವಳು ಹೊರಟು ನಿಂತಾಗ ಬೀಗಿತ್ತಿಯವರು ಉಡಿ ತುಂಬಿದರು. ಅಕ್ಕಿ, ಕೊಬ್ಬರಿ, ಎಲೆ, ಅಡಿಕೆ, ರವಿಕೆ ಕಣ. ಅಕ್ಕಿಯ ಒಳಗೆ ಪೆನ್‌ಡ್ರೈವು!

"ಒಳಗೊಂದು ಸಾಮಾನು ಇಟ್ಟೀನಿ, ಜ್ವಾಪಾನ" ಎಂದೂ ಹೇಳಿದರಂತೆ. ಉಡಿಯೊಳಗಿನ ಸಾಮಾನೆಂದರೆ ಕೊಬ್ಬರಿ ಎಂದು ನನ್ನ ಹೆಂಡತಿ ತಿಳಿದಳು. ಯಾವ ಹೆಂಗಸು ಬೇರೇನೆಂದು ತಿಳಿದಾಳು?

ಹೊಸಬನನ್ನು ಕೂರಿಸುವ ದಿನ ನಾನು ಸಾಕ್ಷಿಯಾಗಿ ಹೊನ್ನಾಳಿಯಲ್ಲಿದ್ದೆ. ಬೀಗಿತ್ತಿಯವರು ಹಳಬನ ಕೋಣೆಗೆ ಮೊದಲು ಕಸ ಹೊಡೆದರು. ಅಂದರೆ ಡಿಸ್ಕಿನಲ್ಲಿ ಚದುರಿ ಬಿದ್ದಿದ್ದ ಸಾಮಾನನ್ನೆಲ್ಲ ಒಂದು ಕಡೆಗೆ ಒತ್ತರಿಸುವ ಕೆಲಸ ಕೊಟ್ಟು, ಅದು ಮುಗಿಯುವವರೆಗೆ ಅವರೇಕಾಯಿ ಸುಲಿದರು. ಇದರ ತತ್ತ್ವವೇನೆಂದು ನಾನು ಕೇಳಿದಾಗ ಮೊರದಲ್ಲಿ ಅಕ್ಕಿ ಹರಡಿ ತೋರಿಸಿದರು. ಹರಡಿದ ಅಕ್ಕಿಯನ್ನು ಅಂಗೈಯಲ್ಲಿ ಒಂದು ಮೂಲೆಗೆ ಸರಿಸಿ, "ಇದು ಹಳಬಂದು. ಈಗ ಈ ಕಡೆ ಖಾಲಿ ಆತಲ್ಲ, ಇಲ್ಲಿ ಗೆರೆ ಎಳೀಬೇಕು" ಎಂದರು. ಕಂಪ್ಯೂಟರ್ ಶಾಸ್ತ್ರವನ್ನು ಇದಕ್ಕಿಂತ ವಿಶದವಾಗಿ ಹೇಳುವ ಗ್ರಂಥ ನನ್ನ ಕಣ್ಣಿಗೆ ಬಿದ್ದಿಲ್ಲ.

ಬಳಿಕ ಹೊಸಬ ಪರದೆಯ ಮೇಲೆ ಬಂದ. ಬಂದವನೇ ಕೇಳಿದ ಮೊದಲ ಪ್ರಶ್ನೆಯೇನು ಗೊತ್ತೇ? ಇಡೀ ಡಿಸ್ಕನ್ನು ಅಳಿಸಿ ತಾನೊಬ್ಬನೇ ಇರಬಹುದೇ ಎಂದು! ಅದೂ ತಾನೇ ಗುರುತು ಹಾಕಿಕೊಂಡು ಸಿದ್ಧನಾಗಿ ನಿಂತಿದ್ದ. ನಾವು ಹೂಂ ಎನ್ನುವುದೊಂದೇ ಬಾಕಿ.

"ಏನ್ ಧೈರ್ಯ ನೋಡ್ರಿ ಇವಂದು!" ಬೀಗಿತ್ತಿಯವರು ಎದ್ದು ನಿಂತರು. "ಪಡಸಾಲೆಯಾಗೆ ಜಾಗ ಕೇಳಾಕೆ ಬಂದೋನು ಮನಿಯೋರ್ನ ಹೊರಗ್ ಹಾಕ್ಲಾ ಅಂತಾನಲ್ಲ!"

"ಏನಂತೆ?" ಬೀಗರು ಗೋಡೆಗೊರಗಿ ಕುಳಿತಲ್ಲಿಂದ ಕೇಳಿದರು.

"ಏನಿಲ್ರಿ, ನೀವು ಸುಮ್ನೆ ಕೂರ್ರಿ. ನಾನು ಮಾತಾಡ್ತೀನಿ ಇವನತ್ರ."

ಆಯ್ಕೆಗಳ ಸಾಲಿನಲ್ಲಿ ಕಟ್ಟಕಡೆಯದಾಗಿ ಬಚ್ಚಿಟ್ಟಿದ್ದ ‘ಬೇರೆ ಏನಾದರೂ’ ಎಂಬುದನ್ನು ಹುಡುಕಿ, ಗೆರೆಯನ್ನು ತಾವೇ ಎಳೆದರು. ಹಳಬನಿಗೆ ದೊಡ್ಡ ಪಾಲು, ಹೊಸಬನಿಗೆ ಸಣ್ಣದು. ಇಬ್ಬರೂ ತೆರೆಯಬಹುದಾದ ಒಂದು ಹಂಚಿಕೆಯ ಕಪಾಟು. ಹಳಬನಲ್ಲಿ ಬರೆದದ್ದನ್ನು ಅದರಲ್ಲಿ ಇಟ್ಟರೆ ಹೊಸಬ ಎತ್ತಿಕೊಂಡು ಓದಬೇಕು. ಗುಂಡಿ ಒತ್ತುವಾಗ ಮಾತ್ರ ನನ್ನ ಕಡೆ ತಿರುಗಿ, "ಬೀಗ್ರೆ, ನೀವು ಯಾವ ದೇವರನ್ನೂ ನಂಬೋರಲ್ಲ. ಹಂಗಾಗಿ ನೀವೇ ಹೇಳ್ರಿ, ಒತ್ಲಾ?" ಎಂದರು. ಇದೊಳ್ಳೆಯ ಪೇಚಾಯಿತು! ದೇವರ ಮೇಲೆ ಹಾಕಬೇಕಾದ ಭಾರವನ್ನು ನನ್ನ ತಲೆಯ ಮೇಲೆ ಇಟ್ಟಿದ್ದರು. ಒತ್ತಿ ಎಂದೆ.

ಹೊಸಬ ಕುಳಿತ. ಯಂತ್ರ ಮಲಗಿ ಎದ್ದಿತು. ಎದ್ದಾಗ ಹೊಸಬ ಒಬ್ಬನೇ ಇದ್ದ.

ಹಳಬನ ಸುಳಿವೇ ಇರಲಿಲ್ಲ. ಯಾರು ಬೇಕೆಂದು ಕೇಳುವ ಪಟ್ಟಿ ಬರಬೇಕಾಗಿತ್ತು, ಬರಲಿಲ್ಲ. ಮತ್ತೆ ಮಲಗಿಸಿ ಎಬ್ಬಿಸಿದರು. ಅದೇ. ಕೋಣೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಕಾಣದವರಿಗೆ ಮೌನ ನಮಗಿಂತ ಬೇಗ ಅರ್ಥವಾಗುತ್ತದೆ.

"ಹಳೇದು ಹೋತಾ?" ಬೀಗರು ಕೇಳಿದರು. ಸಿಟ್ಟಿರಲಿಲ್ಲ ಆ ದನಿಯಲ್ಲಿ. ಇದ್ದಿದ್ದರೆ ಒಳ್ಳೆಯದಿತ್ತು.

"ಎಲ್ಲೂ ಹೋಗಿಲ್ಲ, ತಾಳ್ರಿ" ಎಂದ ಬೀಗಿತ್ತಿಯವರ ಕೈ ಮಾತ್ರ ಮೇಜಿನ ಅಂಚನ್ನು ಹಿಡಿದಿತ್ತು.

ಮೂರು ನಕಲುಗಳಿವೆಯಲ್ಲ ಎಂದು ನಾನು ಧೈರ್ಯ ಹೇಳಿ ಫೋನು ಹಿಡಿದೆ. ಜಗಳೂರಿನ ತಂಗಿ ಬಹಳ ಭಕ್ತಿವಂತೆ. ಅಕ್ಕ ಕೊಟ್ಟ ವಸ್ತುವೆಂದು ದೇವರ ಮುಂದೆ ಇಟ್ಟು, ದಿನವೂ ಅರಿಶಿನ ಕುಂಕುಮ ಏರಿಸಿ, ಹಬ್ಬದಲ್ಲಿ ಹಾಲು ತುಪ್ಪವನ್ನೂ ಕಾಣಿಸಿದ್ದರು. "ಅಭಿಷೇಕ ಆದ್ಮ್ಯಾಲೆ ಒರೆಸಿ ಇಟ್ಟೀನಿ ಅಣ್ಣಾರೆ" ಎಂಬ ಭರವಸೆಯೂ ಬಂತು! ನ್ಯಾಮತಿಯ ಗೆಳತಿ ಬಳೆಯ ಪೆಟ್ಟಿಗೆಯಲ್ಲಿ ಜತನವಾಗಿಯೇ ಇಟ್ಟಿದ್ದರು. ಆದರೆ ಪೆಟ್ಟಿಗೆ ಅಂಗಡಿಯಲ್ಲಿ, ಅಂಗಡಿಗೆ ಬೀಗ, ಬೀಗದ ಕೈ ಅವರ ಸೊಂಟದಲ್ಲಿ, ಅವರು ತಂಗಿಯ ಮಗಳ ನಿಕಾಹ್‌ಗೆಂದು ಹುಬ್ಬಳ್ಳಿಯಲ್ಲಿ. ಕಡೆಗೆ ನಮ್ಮ ಮನೆಗೆ ಫೋನು ಮಾಡಿದೆ.

"ಆ ಉಡಿ ಅಕ್ಕಿ ಎಲ್ಲಿಟ್ಟೆ?"

"ಯಾವ ಉಡಿ ಅಕ್ಕಿ? ಓ ಅದಾ! ಮರೆತು ದೊಡ್ಡ ಡಬ್ಬಿಗೆ ಸುರಿದುಬಿಟ್ಟಿದ್ದೆ. ಯಾಕ್ರೀ?"

"ಡಬ್ಬಿಯೊಳಗೆ ಕೈ ಹಾಕಿ ನೋಡು, ಬೆರಳುದ್ದದ ಒಂದು ಸಾಮಾನು ಸಿಗುತ್ತದೆ."

ಡಬ್ಬಿ ಕಲಕಿದ ಸದ್ದು.

"ಮೊನ್ನೆ ಭಿಕ್ಷಕ್ಕೆ ಅಯ್ಯನೋರು ಬಂದಿದ್ರು ನೋಡ್ರಿ. ತಳದಾಗಿಂದ ಒಂದು ಮೊರ ಎತ್ತಿ ಹಾಕಿದ್ದೆ..."

ನಮ್ಮ ಬೀಗರ ಜೀವಮಾನದ ದುಡಿಮೆ ಈಗ ಯಾವ ಊರಿನ ಯಾವ ಓಣಿಯಲ್ಲಿ, ಯಾರ ಜೋಳಿಗೆಯಲ್ಲಿ ಸಂಚಾರ ಮಾಡುತ್ತಿದೆಯೋ! ಆ ಅಯ್ಯನವರು ಅನ್ನಕ್ಕೆ ಕುಳಿತಾಗ ಹಲ್ಲಿಗೆ ಸಿಕ್ಕಿದ ಕಲ್ಲನ್ನು ಎಷ್ಟು ಶಪಿಸಿದರೋ!

ಫೋನು ಕೆಳಗಿಟ್ಟು, ಈ ಸುದ್ದಿಯನ್ನು ಹೇಗೆ ಹೇಳುವುದೆಂದು ತಿರುಗಿದರೆ ಬೀಗಿತ್ತಿಯವರು ನನ್ನ ಮುಖವನ್ನೇ ನೋಡಲಿಲ್ಲ. ಅವರು ಹೊಸಬನ ಕೋಣೆಯೊಳಗಿನಿಂದಲೇ ಡಿಸ್ಕಿನ ಆಚೆ ಬದಿಗೆ ಇಣುಕುತ್ತಿದ್ದರು.

"ಬೀಗ್ರೆ, ಬರ್ರಿ ಇಲ್ಲಿ. ಇದೇನು ನೋಡ್ರಿ."

ಪರದೆಯ ಮೇಲೆ ಹಳಬನ ಕಡತಗಳು ಸಾಲಾಗಿ ಕಂಡವು. ಪಿಂಚಣಿ ಅರ್ಜಿ ನಮೂನೆ, ಪಹಣಿ ತಿದ್ದುಪಡಿ ನಮೂನೆ, ರೇಷನ್ ಕಾರ್ಡ್ ನಮೂನೆ. ಒಂದೂ ಹೋಗಿರಲಿಲ್ಲ.

"ಒಳಗೇ ಅದಾನ್ರಿ! ಇವನು ಬಾಗಿಲಲ್ಲಿ ತನ್ನ ಹೆಸ್ರು ಮಾತ್ರ ಬರ್ಕಂಡಾನೆ. ಹಳಬನ ಹೆಸ್ರು ಹಾಕಿಲ್ಲ, ಅಷ್ಟೆ. ಕಳ್ಳ!"

ಮನೆಯಲ್ಲಿ ಇನ್ನೂ ಯಾರು ಯಾರು ಇದ್ದಾರೆಂದು ಹುಡುಕಿ ಪಟ್ಟಿಗೆ ಸೇರಿಸು ಎಂದು ಹೊಸಬನಿಗೆ ಅಪ್ಪಣೆ ಕೊಡುವ ಸಾಲೊಂದು ಇದೆಯಂತೆ. ವಿಡಿಯೋದಲ್ಲಿ ಕಂಡಿದ್ದ ಆ ಸಾಲನ್ನು ಒಂದೊಂದೇ ಅಕ್ಷರ ಹುಡುಕಿ ಒತ್ತಿದರು. ಯಂತ್ರ ಮತ್ತೆ ಮಲಗಿ ಎದ್ದಿತು. ಪರದೆಯ ಮೇಲೆ ಇಬ್ಬರ ಹೆಸರೂ ಬಂದವು.

"ಬಂತಾ?" ಎಂದರು ಬೀಗರು.

"ಬಂತು" ಎಂದರು ಬೀಗಿತ್ತಿಯವರು, ಸೆರಗಿನಿಂದ ಮುಖ ಒರೆಸಿಕೊಂಡು. "ಹಳಬನೇ ಮೇಲೆ ಅದಾನೆ. ಹಿರೇರಲ್ವಾ?"

ಇಷ್ಟಾದರೂ ತೊಡಕು ತೀರಲಿಲ್ಲ. ಆ ಪಟ್ಟಿ ಬಂದು ಕೆಲವು ಕ್ಷಣ ಕಾಯುತ್ತದೆ. ಯಾರೂ ಏನೂ ಒತ್ತದಿದ್ದರೆ ತಾನೇ ಒಬ್ಬನನ್ನು ಆರಿಸಿಕೊಂಡು ಹೊರಟುಬಿಡುತ್ತದೆ. ಕಣ್ಣಿಲ್ಲದವರಿಗೆ ಪಟ್ಟಿ ಬಂದದ್ದಾದರೂ ಹೇಗೆ ತಿಳಿಯಬೇಕು? ಬೀಗಿತ್ತಿಯವರು ಆ ಅವಸರದ ಗಡುವನ್ನು ಕಿತ್ತೇ ಹಾಕಿದರು. "ಎಷ್ಟೊತ್ತಾದ್ರೂ ನಿಂತ್ಕಂಡಿರ್ಲಿ, ಅವ್ನಿಗೇನು ಕಾಲು ನೋಯ್ತಾವಾ?" ಆಮೇಲೆ ಪಟ್ಟಿ ಬಂದೊಡನೆ ಯಂತ್ರ ಒಮ್ಮೆ ಕೂಗುವಂತೆ ಮಾಡಿದರು. ಕುಕ್ಕರಿನ ಸೀಟಿಗೂ ಕೋಳಿಮರಿಯ ಕೂಗಿಗೂ ನಡುವಿನ ಒಂದು ಸದ್ದು. ಅದು ಕೇಳಿದಾಗ ಸುಮ್ಮನೆ ದೊಡ್ಡ ಗುಂಡಿ ಒತ್ತಿದರೆ ಹಳಬ. ಕೆಳಗಿನ ಬಾಣವನ್ನು ಒಮ್ಮೆ ಒತ್ತಿ ಆಮೇಲೆ ಅದನ್ನು ಒತ್ತಿದರೆ ಹೊಸಬ. ಬೀಗರು ಒಂದೇ ಸಲಕ್ಕೆ ಕಲಿತರು. ನಾನು ಕಲಿಯಲು ಹೋಗಿ ಯಂತ್ರ ಬಂದ್ ಮಾಡಿದ್ದನ್ನು ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ.

ಈಗ ದನಿಯ ಸರದಿ. ಬೀಗರು ಹಳಬನಲ್ಲಿ ನಾಲ್ಕು ಸಾಲು ಟೈಪು ಮಾಡಿ ಕಪಾಟಿನಲ್ಲಿ ಇಟ್ಟರು. ಹೊಸಬ ಎತ್ತಿಕೊಂಡು ಓದಿದ. ಅಯ್ಯೋ! ಕನ್ನಡವಲ್ಲ, ಇಂಗ್ಲಿಷಲ್ಲ, ಸಂಸ್ಕೃತವಂತೂ ಅಲ್ಲವೇ ಅಲ್ಲ.

"ಇವನ ಮೈಮೇಲೆ ಏನೋ ಬಂದೈತೆ ಕಣೇ!" ಎಂದರು ಬೀಗರು. ಅಷ್ಟು ತಿಂಗಳಲ್ಲಿ ಅವರು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು.

ಹಳಬನ ಅಕ್ಷರಗಳು ಹೊರಗೆ ಕನ್ನಡವಾಗಿ ಕಂಡರೂ ಒಳಗಿನ ಗುರುತು ಬೇರೆಯಂತೆ. ನಡುವೆ ಅವುಗಳನ್ನು ಬದಲಾಯಿಸಿಕೊಡುವ ಇನ್ನೊಂದು ಪುಟ್ಟ ತಂತ್ರಾಂಶ ಬೇಕು. ಅದನ್ನೂ ಹುಡುಕಿ, ಮನೆಯ ಬಾಗಿಲಲ್ಲಿ ಕಾಲು ತೊಳೆಸಿ ಒಳಗೆ ಬಿಡುವವರ ಹಾಗೆ ಕಪಾಟಿನ ಬಾಯಲ್ಲಿ ನಿಲ್ಲಿಸಿದರು. ಈ ಬಾರಿ ದನಿ ಕನ್ನಡದಲ್ಲಿಯೇ ಬಂತು. ಏರಿಲ್ಲ, ಇಳಿತವಿಲ್ಲ, ಉಸಿರೂ ಇಲ್ಲ.

"ಯಾವೂರೋನೇ ಇವನು? ಊಟ ಹಾಕಿಲ್ವಾ ಇವನಿಗೆ?"

"ಹೊಸದಾಗಿ ಬಂದಾನ್ರಿ, ಇನ್ನೂ ಸಂಕೋಚ."

ನಾನು ಅಷ್ಟಕ್ಕೇ ಒಪ್ಪುವವನೇ? ಬೀಗಿತ್ತಿಯವರನ್ನು ಪರೀಕ್ಷಿಸಿದ್ದ ಅದೇ ತಪ್ಪುಗಳ ಪುಟವನ್ನು ಟೈಪು ಮಾಡಿಸಿ ಇವನಿಗೂ ಕೊಟ್ಟೆ. ಒಂದು ತಪ್ಪನ್ನೂ ಬಿಡದೆ, ಯಾರ ಮುಖವನ್ನೂ ನೋಡದೆ, ಇದ್ದದ್ದನ್ನು ಇದ್ದ ಹಾಗೆ ಓದಿದ. ಬೀಗರು ಕತ್ತು ಓರೆ ಮಾಡಿ ಕೇಳಿ, ಒಂದೊಂದು ತಪ್ಪಿಗೂ ಬೆರಳು ಮಡಿಚಿದರು. ಮುಗಿದ ಮೇಲೆ ಎದ್ದು ಹೋಗಿ, ಬದಿಗಿಟ್ಟಿದ್ದ ಟವಲನ್ನು ಕೊಡವಿ, ಹೆಗಲಿಗೆ ಹಾಕಿಕೊಂಡರು.

ಬೀಗರು ಮತ್ತೆ ಕೆಲಸಕ್ಕೆ ಕುಳಿತರೆಂಬ ಸುದ್ದಿ ಹರಡಿದ ಮೇಲೆ ನಾನು ಇನ್ನೊಮ್ಮೆ ಹೊನ್ನಾಳಿಗೆ ಹೋದೆ. ಸುದ್ದಿಯನ್ನು ಪರಿಶೀಲಿಸಬೇಕಲ್ಲ! ಅಂದು ಸೂರಗೊಂಡನಕೊಪ್ಪದ ಕಡೆಯಿಂದ ಒಬ್ಬ ವಯಸ್ಸಾದ ಹೆಂಗಸು ಬಂದಿದ್ದರು. ತಮ್ಮ ಓಣಿಗೆ ಕುಡಿಯುವ ನೀರು ಬೇಕೆಂದು ಅರ್ಜಿ. ಅವರು ಹೇಳಿದ್ದನ್ನು ಕೇಳಿ ಬೀಗರು ತಮ್ಮ ಎಂದಿನ ನಮೂನೆಯಲ್ಲಿ ಟೈಪು ಮಾಡಿದರು. ಯಂತ್ರ ಮಲಗಿ, ಎದ್ದು, ಕೂಗಿತು. ಹೊಸಬ ತನ್ನ ಹಸಿದ ದನಿಯಲ್ಲಿ ಓದತೊಡಗಿದ: ಮಾನ್ಯರೇ, ನಮ್ಮ ಓಣಿಯಲ್ಲಿ ನಲ್ಲಿಯ ಸೌಲಭ್ಯ ಇರುವುದಿಲ್ಲವಾದ್ದರಿಂದ...

"ಏಯ್, ನಿಲ್ಸ್ರಿ ನಿಲ್ಸ್ರಿ!" ಆ ಹೆಂಗಸು ಎದ್ದೇ ನಿಂತರು. "ನಲ್ಲಿ ಇಲ್ಲ ಅಂತ ಯಾರಂದ್ರು? ನಲ್ಲಿ ಐತ್ರಿ! ಚೆನ್ನಾಗೈತೆ, ಥಳ ಥಳ ಅಂತೈತೆ. ನೀರಿಲ್ಲ!"

ಬೀಗರು ಕೀಲಿಮಣೆಯಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಇಷ್ಟು ವರ್ಷಗಳಲ್ಲಿ ಅವರ ಎದುರು ಕುಳಿತ ಎಷ್ಟೋ ಮಂದಿ ತಮ್ಮ ಅರ್ಜಿಯಲ್ಲಿ ಏನಿದೆಯೆಂದು ತಿಳಿಯದೆಯೇ ಹೆಬ್ಬೆಟ್ಟು ಒತ್ತಿ ಹೋಗಿದ್ದರು. ಓದಿ ಹೇಳಬೇಕೆಂದು ಕಣ್ಣಿದ್ದಾಗ ಯಾರಿಗೂ ಹೊಳೆದಿರಲಿಲ್ಲ. ಕಾಗದದಲ್ಲಿರುವುದನ್ನೆಲ್ಲ ಸಂಶಯಪಡುವ ನಾನಾದರೂ, ಅರ್ಜಿಯನ್ನು ಕೊಡುವವನೇ ಅದನ್ನು ಸಂಶಯಪಡಬೇಕೆಂದು ಎಂದಾದರೂ ಯೋಚಿಸಿದ್ದೆನೇ? ನಲ್ಲಿಗಳಿದ್ದ ಊರುಗಳಿಗೆ ಮತ್ತೆ ನಲ್ಲಿಗಳೇ ಬಂದದ್ದು ಹೀಗಿರಬಹುದು!

ಬೀಗರು ಮತ್ತೆ ಹಳಬನಿಗೆ ಹೋಗಿ ತಿದ್ದಿದರು, ಮತ್ತೆ ಹೊಸಬನಿಗೆ ಬಂದು ಓದಿಸಿದರು. ಆ ಹೆಂಗಸು ಕಣ್ಣು ಮುಚ್ಚಿ ಕೇಳಿದರು. "ಈಗ ನನ್ನ ಮಾತು ಹೇಳಾಕ್ಹತ್ತೈತೆ" ಎಂದು ಹೆಬ್ಬೆಟ್ಟಿಗೆ ಮಸಿ ಹಚ್ಚಿಸಿಕೊಂಡರು. ಅವರು ಹೋದ ಮೇಲೂ ಒಬ್ಬರಾದ ಮೇಲೊಬ್ಬರಂತೆ ಜನ ಬಂದರು. ಪ್ರತಿ ಅರ್ಜಿಗೂ ಯಂತ್ರ ಮಲಗಿ ಏಳುವಷ್ಟು ಹೊತ್ತು ಕಾಯಬೇಕು. ತಡವಾಗುವುದಿಲ್ಲವೇ ಎಂದು ನಾನು ಕೆಣಕಿದರೆ, "ಅಷ್ಟೊತ್ತಿಗೆ ಬಂದೋರು ಚಾ ಕುಡೀತಾರೆ. ಮೊದ್ಲು ಯಾರಿಗೆ ಚಾ ಕೊಡ್ತಿದ್ವಿ ನಾವು?" ಎಂದು ಒಳಗಿನಿಂದ ಉತ್ತರ ಬಂತು.

ಸಂಜೆ ಬಿಸಿಲು ಹೊಸ್ತಿಲಿಗೆ ಬಂದಿತ್ತು. ಕಡೆಯ ಅರ್ಜಿದಾರರೂ ಎದ್ದು ಹೋಗಿದ್ದರು. ಬೀಗಿತ್ತಿಯವರು ಒಳಗೆ ಮೆಣಸಿನಕಾಯಿ ಕರಿಯುತ್ತಿದ್ದರು; ಮಂಡಕ್ಕಿಯ ವಾಸನೆ ಮುಂದಿನ ಕೋಣೆಗೂ ಬರುತ್ತಿತ್ತು. ನಾನು ಪತ್ರಿಕೆ ಓದುತ್ತಿದ್ದೆ. ಬೀಗರು ಯಾರೂ ಕೇಳದಿದ್ದರೂ ಕೀಲಿಮಣೆಗೆ ಕೈಹಾಕಿ ಏನನ್ನೋ ಒತ್ತಿದರು. ಬಹಳ ಚಿಕ್ಕದು, ಬೆರಳುಗಳು ಎರಡು ಸಲ ತಡೆದು ನಿಂತವು. ಯಂತ್ರ ಮಲಗಿತು, ಎದ್ದಿತು, ಕೂಗಿತು. ಅವರು ಕೆಳಗಿನ ಬಾಣವನ್ನು ಒತ್ತಿದರು.

ಹೊಸಬ ಒಂದು ಹೆಸರನ್ನು ಓದಿದ. ಬೀಗಿತ್ತಿಯವರ ಹೆಸರು.

ನಮ್ಮ ಕಾಲದ ಗಂಡಂದಿರು ಹೆಂಡತಿಯ ಹೆಸರು ಹಿಡಿದು ಕರೆದವರಲ್ಲ. ಏಯ್ ಎಂದೋ, ಇವಳೇ ಎಂದೋ, ಕೇಳಿಸ್ತಾ ಎಂದೋ, ಬರೀ ಕೆಮ್ಮಿಯೋ ಸಂಸಾರ ಸಾಗಿಸಿದವರು. ಆ ಮನೆಯಲ್ಲಿ ಆ ಹೆಸರನ್ನು ಗಟ್ಟಿಯಾಗಿ ಹೇಳಿದ ಗಂಡಸಿನ ದನಿಯನ್ನು ನಾನು ಅದುವರೆಗೆ ಕೇಳಿರಲಿಲ್ಲ. ಅದನ್ನು ನಾನೂ ಇಲ್ಲಿ ಬರೆಯುವುದಿಲ್ಲ. ಬರೆಯುವ ಹಕ್ಕು ನನ್ನದಲ್ಲ.

ಒಳಗೆ ಜಾಲರಿ ಸೌಟು ಬಾಣಲೆಗೆ ತಗುಲುವ ಸದ್ದು ನಿಂತಿತು. ಬೀಗಿತ್ತಿಯವರು ಹಿಟ್ಟಿನ ಕೈಯಲ್ಲಿಯೇ ಬಾಗಿಲಿಗೆ ಬಂದು ನಿಂತರು. ಬೀಗರು ಪರದೆಯ ಕಡೆಗೇ ಮುಖ ಮಾಡಿ, ಕೈಗಳನ್ನು ರಾಗಿಕಾಳಿನ ಮೇಲೆ ಇಟ್ಟುಕೊಂಡು ಕುಳಿತಿದ್ದರು. ನಾನು ಪತ್ರಿಕೆಯನ್ನು ಇನ್ನಷ್ಟು ಎತ್ತಿ ಹಿಡಿದೆ.

"ನಾನು ಒಳಗಿದ್ದೆ, ಎಣ್ಣೆ ಸದ್ದು" ಎಂದರು ಬೀಗಿತ್ತಿಯವರು. "ಸರಿಯಾಗಿ ಕೇಳಿಸ್ಲಿಲ್ಲ. ಇನ್ನೊಂದ್ಸಲ ಓದಿಸ್ರಿ."